ಎರೆಮಣ್ಣು, ಹತ್ತಿಯ ಜುಂಗು ಮತ್ತು ನಮ್ಮ ಕಂಪ್ಯೂಟರ್: ಫ್ಯಾನ್ ಫಿಲ್ಟರ್ ಬಳಸುವ ಬಗೆ

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಕಂಪ್ಯೂಟರ್ ತಾನಾಗಿಯೇ ಬಂದ್ ಆಗುತ್ತದೆ. ಹತ್ತು ನಿಮಿಷ ಬಿಟ್ಟು ಹಚ್ಚಿದರೆ ಮತ್ತೆ ನಡೆಯುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಬಂದ್. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಓದುಗರಿಗೆ ಇದು ಹೊಸ ಮಾತಲ್ಲ. ಮೊದಲು ವೈರಸ್ ಎಂದುಕೊಳ್ಳುತ್ತೇವೆ, ವಿಂಡೋಸ್ ತೆಗೆದು ಮತ್ತೆ ಹಾಕಿಸುತ್ತೇವೆ, ರ್‍ಯಾಮ್ ಬದಲಿಸುತ್ತೇವೆ. ಕೊನೆಗೆ ಯಾರೋ ಡಬ್ಬದ ಪಕ್ಕದ ಮುಚ್ಚಳ ಬಿಚ್ಚಿ ನೋಡಿದಾಗ ಪ್ರೊಸೆಸರ್ ಮೇಲಿನ ಫ್ಯಾನಿನ ಕೆಳಗೆ ಕಂಬಳಿಯ ತುಂಡಿನಂತೆ ಧೂಳು ಕೂತಿರುತ್ತದೆ.

ಹೊಸ ಯಂತ್ರ ತಂದರಾಯಿತು ಎನ್ನುವವರಿಗೆ ಈ ಲೇಖನ ಅಷ್ಟು ಬೇಕಾಗದೇ ಇರಬಹುದು. ಆದರೆ ನಮ್ಮಲ್ಲಿ ಹಲವು ಯಂತ್ರಗಳನ್ನು ಹಾಗೆ ಬದಲಿಸಲು ಬರುವುದಿಲ್ಲ. ಕನ್ನಡ ಮುದ್ರಣ ಮಾಡುವ ಸಣ್ಣ ಡಿ.ಟಿ.ಪಿ. ಅಂಗಡಿಗಳನ್ನೇ ನೋಡಿ. ಇಪ್ಪತ್ತು ವರ್ಷಗಳ ಲಗ್ನಪತ್ರಿಕೆ, ಜಾತ್ರೆಯ ಹಸ್ತಪತ್ರ, ಶಾಲೆಯ ಸ್ಮರಣ ಸಂಚಿಕೆ, ಎಲ್ಲವೂ ಪೇಜ್‌ಮೇಕರ್ ಕಡತಗಳಲ್ಲಿ, ಯೂನಿಕೋಡ್ ಅಲ್ಲದ ಹಳೆಯ ಅಕ್ಷರಗಳಲ್ಲಿ ಕೂತಿವೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಕೆಲವು ಲಿಪಿ ತಂತ್ರಾಂಶಗಳ ಲಾಕ್ ಯಂತ್ರದ ಹಿಂದಿನ ಪ್ಯಾರಲಲ್ ಪೋರ್ಟಿಗೆ ಚುಚ್ಚುವಂಥದು. ಈಗಿನ ಬೋರ್ಡುಗಳಲ್ಲಿ ಆ ಪೋರ್ಟೇ ಇರುವುದು ಅಪರೂಪ. ಆ ಹಳೆಯ ಡಬ್ಬ ಸತ್ತರೆ ಅದರೊಂದಿಗೆ ಒಂದು ಊರಿನ ಕನ್ನಡ ಮುದ್ರಣದ ದಫ್ತರವೇ ಹೋದಂತೆ. ಕನ್ನಡ ಮಾಧ್ಯಮದ ಶಾಲೆಗಳದೂ ಹೆಚ್ಚುಕಡಿಮೆ ಇದೇ ಕಥೆ. ಬಾಲಭಾರತಿಯ ಕನ್ನಡ ಪಠ್ಯಪುಸ್ತಕದ ಪಿ.ಡಿ.ಎಫ್. ತೆರೆಯುವುದೂ ಒಂದೇ ಯಂತ್ರದಲ್ಲಿ, ಮಕ್ಕಳು ಕನ್ನಡ ಟೈಪಿಂಗ್ ಕಲಿಯುವುದೂ ಅದೇ ಯಂತ್ರದಲ್ಲಿ. ಅದು ಕೆಟ್ಟರೆ ಮತ್ತೊಂದು ಯಾವಾಗ ಬಂದೀತು ಎಂದು ಹೇಳುವವರಿಲ್ಲ.

ನಮ್ಮ ಧೂಳಿನ ಗುಣ

ಎಲ್ಲ ಊರಿನ ಧೂಳೂ ಒಂದೇ ತರಹ ಇರುವುದಿಲ್ಲ. ಸೊಲ್ಲಾಪುರದಲ್ಲಿ ವಿದ್ಯುತ್ ಮಗ್ಗಗಳಿವೆ, ಚಾದರ ಮತ್ತು ಟಾವೆಲ್ ನೇಯುತ್ತಾರೆ. ಮಗ್ಗದ ಪಕ್ಕದ ಓಣಿಗಳಲ್ಲಿ ಗಾಳಿಯಲ್ಲಿ ಹತ್ತಿಯ ಜುಂಗು ಸದಾ ತೇಲುತ್ತಿರುತ್ತದೆ. ಆದವಾನಿಯಂಥ ಹತ್ತಿಯ ಪೇಟೆಯಲ್ಲಿರುವವರಿಗೂ, ರಾಯದುರ್ಗದಲ್ಲಿ ಬಟ್ಟೆ ಹೊಲಿಯುವ ಮನೆಗಳವರಿಗೂ ಇದರ ಪರಿಚಯವಿದೆ. ಜುಂಗು ಉದ್ದನೆಯದು. ಅದು ಹೀಟ್ ಸಿಂಕಿನ ಅಲ್ಯುಮಿನಿಯಂ ಹಲ್ಲುಗಳಿಗೆ ಅಡ್ಡಲಾಗಿ ಸಿಕ್ಕಿಕೊಂಡು ಮೊದಲು ಒಂದು ಬಲೆ ಕಟ್ಟುತ್ತದೆ. ಆ ಬಲೆಯ ಮೇಲೆ ಎರೆಮಣ್ಣಿನ ಸಣ್ಣ ಧೂಳು ಬಂದು ಕೂಡುತ್ತದೆ. ಸಣ್ಣ ಧೂಳು ಮಾತ್ರ ಇದ್ದಿದ್ದರೆ ಬಹುಪಾಲು ಗಾಳಿಯೊಂದಿಗೆ ಹಿಂದಿನಿಂದ ಹೊರಗೇ ಹೋಗುತ್ತಿತ್ತು. ಅದನ್ನು ಒಳಗೆ ನಿಲ್ಲಿಸುವುದು ಜುಂಗು. ಆದ್ದರಿಂದ ಜುಂಗೊಂದನ್ನು ಹೊರಗೆ ತಡೆದರೂ ಅರ್ಧ ಗೆದ್ದ ಹಾಗೆ. ಫಿಲ್ಟರ್ ಆರಿಸುವಾಗ ಈ ಮಾತು ಉಪಯೋಗಕ್ಕೆ ಬರುತ್ತದೆ.

ಎರೆಮಣ್ಣಿನ ಧೂಳು ಬಹಳ ನಯ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಏಳಲು ಶುರುವಾಗುವ ಧೂಳು, ಹಿಂಗಾರಿ ಜೋಳದ ರಾಶಿ ಮುಗಿದು ಹೊಲ ಬಯಲಾದ ಮೇಲೆ ಮಳೆ ಬೀಳುವ ತನಕ ಇಳಿಯುವುದಿಲ್ಲ. ಇದಕ್ಕೆ ಅಡಿಗೆಮನೆಯ ಒಗ್ಗರಣೆಯ ಎಣ್ಣೆ ಹೊಗೆ ಅಥವಾ ದೇವರ ಮನೆಯ ಊದಿನಕಡ್ಡಿ ಹೊಗೆ ಸೇರಿದರೆ ಧೂಳು ಜಿಗುಟಾಗಿ ಅಂಟುತ್ತದೆ. ಬರೀ ಊದಿದರೆ ಬಿಡುವುದಿಲ್ಲ, ಕುಂಚವೇ ಬೇಕು. ಕಾಸರಗೋಡಿನ ಕಡಲ ಬದಿಯ ಮನೆಗಳ ಲೆಕ್ಕ ಬೇರೆ. ಅಲ್ಲಿ ಧೂಳಿಗಿಂತ ಉಪ್ಪುಗಾಳಿ ಮತ್ತು ತೇವದ ಕಾಟ ದೊಡ್ಡದು, ಫಿಲ್ಟರ್ ಅದಕ್ಕೆ ಮದ್ದಲ್ಲ. ಯಂತ್ರವನ್ನು ದಿನವೂ ಸ್ವಲ್ಪ ಹೊತ್ತು ನಡೆಸಿ ಒಳಗನ್ನು ಒಣದಾಗಿಡುವುದು ಅಲ್ಲಿನವರಿಗೆ ಹೆಚ್ಚು ಉಪಯೋಗ.

ಧೂಳಿನಿಂದ ಆಗುವ ಕೇಡು ಮುಖ್ಯವಾಗಿ ಬಿಸಿಯಿಂದ. ಈಗಿನ ಹೆಚ್ಚಿನ ಪ್ರೊಸೆಸರುಗಳ ಮಿತಿ 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಅಲ್ಲಿಗೆ ಮುಟ್ಟಿದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಆಗಲೂ ಬಿಸಿ ಇಳಿಯದಿದ್ದರೆ ಯಂತ್ರ ಬಂದ್ ಆಗುತ್ತದೆ. ಒಂದು ಸರಳ ಲೆಕ್ಕ: ಒಂದೇ ಕೆಲಸಕ್ಕೆ ಪ್ರೊಸೆಸರ್ ಕೋಣೆಯ ಬಿಸಿಗಿಂತ ಸುಮಾರು ಅಷ್ಟೇ ಡಿಗ್ರಿ ಮೇಲೇರುತ್ತದೆ. 25 ಡಿಗ್ರಿಯ ಕೋಣೆಯಲ್ಲಿ 70 ತೋರಿಸುವ ಯಂತ್ರ ನಮ್ಮ ಬೇಸಿಗೆಯ 40 ಡಿಗ್ರಿಯಲ್ಲಿ 85 ತೋರಿಸುತ್ತದೆ. ಮೇಲೆ ಧೂಳಿನ ಕಂಬಳಿ ಹೊದ್ದಿದ್ದರೆ ಉಳಿದ ಅಂತರವೂ ಹೋಯಿತು. ಚಳಿಗಾಲದಲ್ಲಿ ಚೆನ್ನಾಗಿದ್ದ ಯಂತ್ರ ಮೇ ತಿಂಗಳಲ್ಲಿ ಮಾತ್ರ ಕೈಕೊಡುವುದು ಇದಕ್ಕೇ. ಎಸ್.ಎಂ.ಪಿ.ಎಸ್. ಮತ್ತು ಬೋರ್ಡಿನ ಮೇಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳಿಗೂ ಬಿಸಿ ಆಗದು. ಪ್ರತಿ 10 ಡಿಗ್ರಿ ಏರಿಕೆಗೆ ಅವುಗಳ ಆಯುಷ್ಯ ಅರ್ಧವಾಗುತ್ತದೆ ಎಂಬುದು ಆ ಕಸುಬಿನವರು ಇಟ್ಟುಕೊಂಡಿರುವ ಅಂದಾಜು.

ಗಾಳಿ ಎಲ್ಲಿಂದ ಬರುತ್ತದೆ ನೋಡಿ

ಫಿಲ್ಟರ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಇದು, ಇದಕ್ಕೆ ಒಂದು ಊದಿನಕಡ್ಡಿ ಸಾಕು. ಯಂತ್ರ ನಡೆಯುತ್ತಿರುವಾಗ, ಮನೆಯ ಫ್ಯಾನ್ ಆರಿಸಿ, ಹಚ್ಚಿದ ಕಡ್ಡಿಯನ್ನು ಡಬ್ಬದ ಪ್ರತಿ ಸಂದಿನ ಹತ್ತಿರ ಒಂದೆರಡು ಅಂಗುಲ ದೂರದಲ್ಲಿ ಹಿಡಿಯಿರಿ. ಹೊಗೆ ಒಳಗೆ ಎಳೆದುಕೊಳ್ಳುವ ಜಾಗಗಳಿಂದಲೇ ಧೂಳೂ ಒಳಗೆ ಹೋಗುತ್ತಿರುತ್ತದೆ. ಹೆಚ್ಚು ಹೊತ್ತು ಹೊಗೆ ಕುಡಿಸಬೇಡಿ, ದಿಕ್ಕು ತಿಳಿದರೆ ಸಾಕು.

ಹಳೆಯ ಡಬ್ಬಗಳಲ್ಲಿ ಸಾಮಾನ್ಯವಾಗಿ ಎಸ್.ಎಂ.ಪಿ.ಎಸ್. ಮೇಲ್ಭಾಗದಲ್ಲಿರುತ್ತದೆ. ಅದು ಡಬ್ಬದೊಳಗಿನ ಗಾಳಿಯನ್ನೇ ಎಳೆದು ಹಿಂದೆ ಬಿಡುತ್ತದೆ. ಹಿಂಬದಿಯಲ್ಲಿ ಇನ್ನೊಂದು ಫ್ಯಾನ್ ಇದ್ದರೆ ಅದೂ ಹೊರಗೇ ದೂಡುತ್ತದೆ. ಒಳಗೆ ತರುವವರು ಯಾರೂ ಇಲ್ಲ, ಹೊರಗೆ ಹಾಕುವವರು ಇಬ್ಬರು. ಹೀಗಾಗಿ ಒಳಗಿನ ಒತ್ತಡ ಹೊರಗಿನದಕ್ಕಿಂತ ತುಸು ಕಡಿಮೆಯಾಗಿ, ಗಾಳಿ ಕಂಡ ಕಂಡ ಸಂದಿನಿಂದ ನುಗ್ಗುತ್ತದೆ: ಡಿ.ವಿ.ಡಿ. ಡ್ರೈವಿನ ಬಾಯಿ, ಯು.ಎಸ್.ಬಿ. ತೂತು, ಹಿಂದೆ ಪಟ್ಟಿ ಕಿತ್ತುಹೋದ ಕಾರ್ಡಿನ ಜಾಗ, ಎಲ್ಲ ಕಡೆಯಿಂದ. ಇಂಥ ಡಬ್ಬದ ಮುಂದೆ ಎಷ್ಟೇ ಒಳ್ಳೆಯ ಫಿಲ್ಟರ್ ಹಚ್ಚಿದರೂ ಪ್ರಯೋಜನ ಅಷ್ಟಕ್ಕಷ್ಟೆ. ಮುಂಬಾಗಿಲಿಗೆ ಪರದೆ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ.

ಇದನ್ನು ತಿರುಗಿಸಬೇಕು. ಮುಂಭಾಗದಲ್ಲಿ ಗಾಳಿ ಒಳಗೆ ತರುವ ಒಂದು ಫ್ಯಾನ್ ಕೂಡಿಸಿ, ಅದಕ್ಕೆ ಫಿಲ್ಟರ್ ಹಚ್ಚಿ, ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ಸ್ವಲ್ಪ ಹೆಚ್ಚಿರುವಂತೆ ನೋಡಿಕೊಳ್ಳಿ. ಆಗ ಸಂದುಗಳಿಂದ ಗಾಳಿ ಹೊರಕ್ಕೆ ಸೋರುತ್ತದೆ, ಧೂಳು ಅಲ್ಲಿಂದ ಒಳಗೆ ಬರುವುದಿಲ್ಲ. ಮುಂದೆ 120 ಮಿ.ಮೀ. ಫ್ಯಾನಿಗೆ ಜಾಗವಿದ್ದರೆ ಅದನ್ನೇ ಹಾಕಿ, 140 ಹಿಡಿದರೆ ಇನ್ನೂ ಒಳ್ಳೆಯದು. ಬೋರ್ಡಿನ ಬಯೋಸ್‌ನಲ್ಲಿ ಫ್ಯಾನಿನ ವೇಗ ಬದಲಿಸಲು ಬಂದರೆ ಹಿಂದಿನ ಫ್ಯಾನನ್ನು ಸ್ವಲ್ಪ ಇಳಿಸಿ, ಮುಂದಿನದನ್ನು ಏರಿಸಿ. ಆಮೇಲೆ ಮತ್ತೆ ಊದಿನಕಡ್ಡಿ ಹಿಡಿದು ನೋಡಿ: ಸಂದುಗಳ ಹತ್ತಿರ ಹೊಗೆ ಆಚೆ ಸರಿಯಬೇಕು.

ಫ್ಯಾನ್ ಯಾವ ಕಡೆಗೆ ದೂಡುತ್ತದೆ ಎಂಬ ಗೊಂದಲ ಹೊಸಬರಿಗೆ ಸಹಜ. ಎಲೆಗಳ ಹಿಂದೆ ಅಡ್ಡಪಟ್ಟಿಗಳಿರುವ, ಮೋಟಾರಿನ ಚೀಟಿ ಮತ್ತು ವೈರು ಇರುವ ಮಗ್ಗುಲಿಗೆ ಗಾಳಿ ಹೋಗುತ್ತದೆ. ಎಲೆಗಳು ಬಯಲಾಗಿ ಕಾಣುವ ಮಗ್ಗುಲಿಂದ ಎಳೆಯುತ್ತದೆ. ಕೆಲವು ಫ್ಯಾನುಗಳ ಅಂಚಿನಲ್ಲಿ ಬಾಣದ ಗುರುತೂ ಇರುತ್ತದೆ.

ಖಾಲಿ ಬಿದ್ದ ಕಾರ್ಡಿನ ಜಾಗಗಳಿಗೆ ಪಟ್ಟಿ ಹಾಕಿ. ಪಟ್ಟಿ ಸಿಗದಿದ್ದರೆ ದಪ್ಪ ರಟ್ಟಿನ ಮೇಲೆ ಟೇಪ್ ಹಚ್ಚಿದರೂ ನಡೆಯುತ್ತದೆ. ಇದರಿಂದ ಹಲ್ಲಿ, ಜಿರಳೆ ಒಳಗೆ ಹೋಗುವುದೂ ತಪ್ಪುತ್ತದೆ. ಹಲ್ಲಿ ಎಸ್.ಎಂ.ಪಿ.ಎಸ್. ಹೊಕ್ಕು ತಾನೂ ಸತ್ತು ಯಂತ್ರವನ್ನೂ ಸುಟ್ಟ ಕಥೆ ಯಾವ ರಿಪೇರಿ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ.

ಯಾವ ಜಾಲರಿ

ಫಿಲ್ಟರ್ ಎಂದರೆ ಸಾಣಿಗೆ. ರಂಧ್ರ ಸಣ್ಣದಾದಷ್ಟೂ ಹೆಚ್ಚು ಧೂಳು ತಡೆಯುತ್ತದೆ, ಅಷ್ಟೇ ಗಾಳಿಯನ್ನೂ ತಡೆಯುತ್ತದೆ. ಕಂಪ್ಯೂಟರ್ ಫ್ಯಾನಿನ ಬಲ ಎಷ್ಟು ಕಡಿಮೆ ಎಂಬುದು ಗೊತ್ತಿದ್ದರೆ ಇದು ಸ್ಪಷ್ಟವಾಗುತ್ತದೆ. ಸಾಮಾನ್ಯ 120 ಮಿ.ಮೀ. ಫ್ಯಾನ್ ಕೊಡುವ ಒತ್ತಡ ಒಂದರಿಂದ ಎರಡೂವರೆ ಮಿಲಿಮೀಟರ್ ನೀರನ್ನು ಎತ್ತಿ ಹಿಡಿಯುವಷ್ಟು ಮಾತ್ರ. ಅಂಥ ಫ್ಯಾನಿನ ಮುಂದೆ ದಪ್ಪ ಬಟ್ಟೆ ಕಟ್ಟಿದರೆ ಎಲೆಗಳು ತಿರುಗುತ್ತವೆ, ಸದ್ದು ಬರುತ್ತದೆ, ಗಾಳಿ ಮಾತ್ರ ಬರುವುದಿಲ್ಲ. ಆಸ್ಪತ್ರೆಯಲ್ಲಿ ಬಳಸುವ ಹೆಪಾ ಫಿಲ್ಟರ್ ಹಾಕಿದರೆ ಹೇಗೆ ಎಂದು ಕೇಳುವವರಿದ್ದಾರೆ. ಅದೂ ಇದೇ ಕಾರಣಕ್ಕೆ ಬೇಡ.

ಮಾರುಕಟ್ಟೆಯಲ್ಲಿ ಸಿಗುವ ಫ್ಯಾನ್ ಫಿಲ್ಟರುಗಳಲ್ಲಿ ನಾವು ನೈಲಾನ್ ಜಾಲರಿಯವನ್ನೇ ಮೆಚ್ಚುತ್ತೇವೆ. ಅಂಚಿನಲ್ಲಿ ಅಯಸ್ಕಾಂತದ ಪಟ್ಟಿ ಇರುವಂಥದಾದರೆ ಕಬ್ಬಿಣದ ಡಬ್ಬಕ್ಕೆ ಹಾಗೇ ಅಂಟುತ್ತದೆ, ತೆಗೆದು ತೊಳೆಯಲು ಸುಲಭ. ಸ್ಪಂಜಿನ ಫಿಲ್ಟರ್ ಸಣ್ಣ ಧೂಳನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಬೇಗ ಕಟ್ಟಿಕೊಳ್ಳುತ್ತದೆ. ಒಂದೆರಡು ಬೇಸಿಗೆ ಕಳೆದ ಮೇಲೆ ಸ್ಪಂಜು ಪುಡಿಪುಡಿಯಾಗಿ ಆ ಪುಡಿಯೇ ಒಳಗೆ ಹೋಗಲು ಶುರುವಾಗುತ್ತದೆ. ಸ್ಟೀಲ್ ಜಾಲರಿ ಗಟ್ಟಿ, ಬಾಳಿಕೆಯದು, ಜುಂಗಿಗೆ ಸಾಕು.

ಮನೆಯಲ್ಲೇ ಮಾಡಿಕೊಳ್ಳುವವರಿಗೆ ಎ.ಸಿ. ರಿಪೇರಿ ಮಾಡುವವರಲ್ಲಿ ಸಿಗುವ ಎ.ಸಿ. ಫಿಲ್ಟರಿನ ಜಾಲರಿ ಎಲ್ಲಕ್ಕಿಂತ ಒಳ್ಳೆಯದು. ಕಿಟಕಿಯ ಸೊಳ್ಳೆ ಪರದೆಯ ರಂಧ್ರ ಒಂದು ಮಿಲಿಮೀಟರಿಗಿಂತ ದೊಡ್ಡದು, ಎರೆಮಣ್ಣಿನ ಧೂಳು ಆರಾಮಾಗಿ ದಾಟುತ್ತದೆ. ಆದರೆ ಮಗ್ಗದ ಓಣಿಯಲ್ಲಿರುವವರಿಗೆ ಅದೂ ಉಪಯೋಗವೇ, ಯಾಕೆಂದರೆ ಜುಂಗು ಅದರ ಮೇಲೆಯೇ ನಿಲ್ಲುತ್ತದೆ. ತೆಳು ನೈಲಾನ್ ಕಾಲುಚೀಲವನ್ನು ಒಂದೇ ಪದರವಾಗಿ ಎಳೆದು ಕಟ್ಟಿದರೆ ನಡೆಯುತ್ತದೆ. ಮಲ್ ಬಟ್ಟೆ, ಪಂಚೆಯ ತುಂಡು, ಹಳೆಯ ಚಾದರ ಮಾತ್ರ ಬೇಡ. ಯಾವುದೇ ಜಾಲರಿಯನ್ನು ಬಾಯಿಗೆ ಹಿಡಿದು ಊದಿ ನೋಡಿ. ಊದಲು ದಮ್ಮು ಕಟ್ಟಬೇಕಾದರೆ ಅದು ಫ್ಯಾನಿಗೂ ಭಾರ.

ಜಾಲರಿಯನ್ನು ಫ್ಯಾನಿಗೆ ತಾಗಿಸಿ ಹಚ್ಚುವುದಕ್ಕಿಂತ ಮುಂಭಾಗದ ಇಡೀ ಫಲಕಕ್ಕೆ ಹಚ್ಚುವುದು ಮೇಲು. 12 ಸೆಂ.ಮೀ. ಚೌಕದ ಫಿಲ್ಟರಿನ ಕ್ಷೇತ್ರ 144 ಚದರ ಸೆಂ.ಮೀ., 20 ಸೆಂ.ಮೀ. ಚೌಕದ್ದು 400. ಅದೇ ಗಾಳಿ ಎರಡೂವರೆ ಪಟ್ಟಿಗಿಂತ ಹೆಚ್ಚು ಜಾಗದಲ್ಲಿ ಹಂಚಿ ಬರುವುದರಿಂದ ತಡೆಯೂ ಕಡಿಮೆ, ತೊಳೆಯುವ ಗಡುವೂ ಉದ್ದ. ಕೆಟ್ಟ ಫ್ರಿಜ್ಜಿನ ಬಾಗಿಲಿನ ರಬ್ಬರಿನೊಳಗೆ ಅಯಸ್ಕಾಂತದ ಪಟ್ಟಿ ಇರುತ್ತದೆ. ಗುಜರಿಯಲ್ಲಿ ಸಿಕ್ಕರೆ ಅದನ್ನು ಕತ್ತರಿಸಿ ಜಾಲರಿಯ ಅಂಚಿಗೆ ಹಚ್ಚಬಹುದು. ಅಷ್ಟು ಮೆಲು ಅಯಸ್ಕಾಂತದಿಂದ ಹಾರ್ಡ್ ಡಿಸ್ಕಿಗೆ ಏನೂ ಆಗುವುದಿಲ್ಲ.

ಫಿಲ್ಟರ್ ಗಾಳಿ ಒಳಬರುವ ಕಡೆಗೆ ಮಾತ್ರ. ಹೊರಹೋಗುವ ಕಡೆಗೆ ಹಚ್ಚಿದರೆ ಬಿಸಿ ಒಳಗೇ ಉಳಿಯುತ್ತದೆ, ಲಾಭ ಸೊನ್ನೆ. ಎಸ್.ಎಂ.ಪಿ.ಎಸ್. ಕೆಳಗಿರುವ ಹೊಸ ಡಬ್ಬಗಳಲ್ಲಿ ಅದು ತಳದಿಂದ ಗಾಳಿ ಎಳೆಯುತ್ತದೆ. ತಳದಲ್ಲಿ ಒಂದು ಜಾರುವ ಫಿಲ್ಟರ್ ಕೊಟ್ಟಿರುತ್ತಾರೆ. ಯಂತ್ರ ಕೊಂಡ ದಿನದಿಂದ ಅದನ್ನು ಒಮ್ಮೆಯೂ ಎಳೆದು ನೋಡದವರು ಈಗಲೇ ನೋಡುವುದು ಒಳ್ಳೆಯದು.

ಹಚ್ಚಿದ ಮೇಲೆ ಅಳೆಯಿರಿ. ಬಯೋಸ್‌ನ ಹಾರ್ಡ್‌ವೇರ್ ಮಾನಿಟರ್ ಪುಟದಲ್ಲಿ, ವಿಂಡೋಸ್‌ನಲ್ಲಾದರೆ ಎಚ್.ಡಬ್ಲ್ಯೂ. ಮಾನಿಟರ್‌ನಂಥ ಉಚಿತ ತಂತ್ರಾಂಶದಲ್ಲಿ, ಲಿನಕ್ಸ್‌ನಲ್ಲಿ ಸೆನ್ಸರ್ಸ್ ಎಂಬ ಆದೇಶದಿಂದ ಪ್ರೊಸೆಸರಿನ ಬಿಸಿ ತಿಳಿಯುತ್ತದೆ. ಫಿಲ್ಟರ್ ಇಲ್ಲದೆ ಅರ್ಧ ಗಂಟೆ, ಇಟ್ಟು ಅರ್ಧ ಗಂಟೆ, ಒಂದೇ ಕೆಲಸ ನಡೆಸಿ ಬರೆದುಕೊಳ್ಳಿ. ಎರಡು ಸಲವೂ ಕೋಣೆಯ ಬಿಸಿ ಒಂದೇ ಇರಬೇಕು. ಎರಡರಿಂದ ಐದು ಡಿಗ್ರಿ ಏರಿದರೆ ಒಪ್ಪಬಹುದು. ಹತ್ತರ ಹತ್ತಿರ ಏರಿದರೆ ಜಾಲರಿ ದಟ್ಟವಾಯಿತು, ಇಲ್ಲವೆ ಫ್ಯಾನ್ ಸಾಲದು.

ಕಚೇರಿಗಳಿಂದ ಹೊರಬಿದ್ದು ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಆಗಿ ಬರುವ ಸಣ್ಣ ಡಬ್ಬದ ಬ್ರ್ಯಾಂಡೆಡ್ ಯಂತ್ರಗಳಲ್ಲಿ ಫ್ಯಾನ್ ಕೂಡಿಸಲು ಜಾಗವಿರುವುದಿಲ್ಲ. ಮುಂದಿನ ಜಾಲಿಗೆ ಹೊರಗಿನಿಂದ ಒಂದು ಪದರ ಎ.ಸಿ. ಜಾಲರಿ ಅಂಟಿಸಿ, ಬಿಸಿಯ ಮೇಲೆ ಕಣ್ಣಿಡಿ. ಅದಕ್ಕಿಂತ ಹೆಚ್ಚಿನ ಉಪಾಯ ಅಲ್ಲಿ ನಡೆಯುವುದಿಲ್ಲ.

ಒಳಗಿನ ಧೂಳು ತೆಗೆಯುವಾಗ

ಫಿಲ್ಟರ್ ಇದ್ದರೂ ವರ್ಷಕ್ಕೆ ಒಂದೆರಡು ಸಲ ಡಬ್ಬ ಬಿಚ್ಚಲೇಬೇಕು. ಬೇಸಿಗೆ ಶುರುವಾಗುವ ಮೊದಲು ಒಮ್ಮೆ, ದೀಪಾವಳಿಯ ಸಾರಣೆ ಕಾರಣೆ ಮುಗಿದ ಮೇಲೆ ಒಮ್ಮೆ ಎಂದಿಟ್ಟುಕೊಳ್ಳಿ. ಮೊದಲಲ್ಲ, ಮುಗಿದ ಮೇಲೆ: ಸುಣ್ಣ ಬಣ್ಣದ ಪುಡಿ ಎಲ್ಲಕ್ಕಿಂತ ಕೆಟ್ಟದ್ದು. ಬಿಚ್ಚುವ ಮೊದಲು ಬೇಕಾದ ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿ, ಮುದ್ರಣಾಲಯದವರಂತೂ ಇದನ್ನು ಮರೆಯಬೇಡಿ.

ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ ಇಳಿಸಿ. ಡಬ್ಬವನ್ನು ಅಂಗಳಕ್ಕೋ ಮಾಳಿಗೆಗೋ ಒಯ್ಯಿರಿ. ಕೋಣೆಯೊಳಗೆ ಊದಿದರೆ ಅದೇ ಧೂಳು ಸಂಜೆಗೆ ತಿರುಗಿ ಬರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಡಬ್ಬದ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಂಡು ಆಮೇಲೆ ಕೈ ಹಾಕಿ.

ಮೃದುವಾದ ಪೇಂಟ್ ಕುಂಚದಿಂದ ಸಡಿಲಿಸಿ, ಬ್ಲೋವರಿನಿಂದ ಅರ್ಧ ಅಡಿ ದೂರದಿಂದ ಊದಿ. ಊದುವಾಗ ಪ್ರತಿ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ಅದು ಗಿರ್ರನೆ ತನ್ನ ಮಿತಿ ಮೀರಿ ತಿರುಗುತ್ತದೆ, ಬೇರಿಂಗ್ ಹೋಗುತ್ತದೆ. ತಿರುಗುವ ಮೋಟಾರ್ ವಿದ್ಯುತ್ ಹುಟ್ಟಿಸಿ ಬೋರ್ಡಿಗೂ ತೊಂದರೆ ಕೊಡಬಹುದು. ಆ ಗಿರ್ರ್ ಸದ್ದು ಮಕ್ಕಳಿಗೆ ಬಹಳ ಇಷ್ಟ, ಹಾಗಾಗಿ ಶಾಲೆಗಳಲ್ಲಿ ಈ ಎಚ್ಚರ ಹೆಚ್ಚು ಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬಳಿಗೆ ಯಂತ್ರ ಹೊತ್ತೊಯ್ಯುವ ರೂಢಿ ನಮ್ಮಲ್ಲಿದೆ. ಆ ಗಾಳಿಯಲ್ಲಿ ನೀರಿನ ತೇವ, ಎಣ್ಣೆಯ ಅಂಶ ಎರಡೂ ಇರುತ್ತವೆ, ಒತ್ತಡವೂ ವಿಪರೀತ. ಅದನ್ನು ಬಿಡಿ. ಮನೆಯ ವ್ಯಾಕ್ಯೂಮ್ ಕ್ಲೀನರಿನ ಮೂತಿ ಬೋರ್ಡಿಗೆ ತಾಗಿಸುವುದೂ ಬೇಡ, ಅದರಿಂದ ಸ್ಥಿರವಿದ್ಯುತ್ ಹುಟ್ಟುತ್ತದೆ. ಹೊರಗಿನ ಜಾಲಿಗೆ ಬಳಸಬಹುದು.

ಎಸ್.ಎಂ.ಪಿ.ಎಸ್. ಡಬ್ಬವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ನಮ್ಮ 230 ವೋಲ್ಟ್ ಕರೆಂಟು ಅದರೊಳಗೆ ಸುಮಾರು 325 ವೋಲ್ಟ್ ಡಿ.ಸಿ. ಆಗಿ ಕೆಪಾಸಿಟರಿನಲ್ಲಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಜೀವಕ್ಕೆ ಅಪಾಯ. ಹೊರಗಿನಿಂದ ಊದಿ ಬಿಡಿ.

ಹೀಟ್ ಸಿಂಕಿನ ಹಲ್ಲುಗಳಲ್ಲಿ ಜುಂಗು ಗಟ್ಟಿಯಾಗಿ ಕೂತಿದ್ದರೆ ಅದರ ಮೇಲಿನ ಫ್ಯಾನನ್ನಷ್ಟೇ ತೆಗೆದು ಚಿಮಟದಿಂದ ಎತ್ತಿ. ಇಡೀ ಹೀಟ್ ಸಿಂಕನ್ನೇ ತೆಗೆದರೆ ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ಕಾಳಿನಷ್ಟು ಹಾಕಲೇಬೇಕು. ಪೇಸ್ಟ್ ಕೈಯಲ್ಲಿಲ್ಲದೆ ಆ ಕೆಲಸಕ್ಕೆ ಇಳಿಯಬೇಡಿ. ಎ.ಎಂ.ಡಿ.ಯ ಕಡ್ಡಿಗಳುಳ್ಳ ಪ್ರೊಸೆಸರ್ ಇರುವ ಯಂತ್ರವಾದರೆ ಮೊದಲು ಹತ್ತು ನಿಮಿಷ ನಡೆಸಿ ಪೇಸ್ಟ್ ಬೆಚ್ಚಗಾಗಿಸಿ, ಆಮೇಲೆ ಬಂದ್ ಮಾಡಿ ಮೆಲ್ಲಗೆ ತಿರುಚಿ ತೆಗೆಯಿರಿ. ತಣ್ಣಗಿರುವಾಗ ಎಳೆದರೆ ಪ್ರೊಸೆಸರೇ ಸಾಕೆಟ್ಟಿನಿಂದ ಕಿತ್ತು ಬಂದು ಕಡ್ಡಿ ಬಾಗಬಹುದು. ಹಾರ್ಡ್ ಡಿಸ್ಕಿನ ಮೇಲೆ ಉಸಿರಾಟದ ಸಣ್ಣ ತೂತೊಂದು ಇರುತ್ತದೆ, ಮುಚ್ಚಬೇಡಿ ಎಂದು ಪಕ್ಕದಲ್ಲೇ ಬರೆದಿರುತ್ತದೆ. ಅದರ ಮೇಲೆ ಟೇಪ್ ಹಚ್ಚುವುದಾಗಲಿ, ಅದರೊಳಗೆ ಊದುವುದಾಗಲಿ ಕೂಡದು.

ಯಂತ್ರ ಇಡುವ ಜಾಗ

ಧೂಳು ನೆಲದ ಹತ್ತಿರ ಹೆಚ್ಚು. ಡಬ್ಬವನ್ನು ನೆಲದಿಂದ ಒಂದಡಿ ಎತ್ತರದಲ್ಲಿಟ್ಟರೂ ಫಿಲ್ಟರ್ ತೊಳೆಯುವ ಕೆಲಸ ಗಣನೀಯವಾಗಿ ಇಳಿಯುತ್ತದೆ. ಹಿಂದಿನ ಗೋಡೆಗೂ ಡಬ್ಬಕ್ಕೂ ಒಂದು ಗೇಣು ಅಂತರ ಬಿಡಿ. ಕಂಪ್ಯೂಟರ್ ಮೇಜಿನಲ್ಲಿ ಬಾಗಿಲಿರುವ ಗೂಡು ಕೊಟ್ಟಿರುತ್ತಾರಲ್ಲ, ಅದು ನೋಡಲು ಅಚ್ಚುಕಟ್ಟು, ಯಂತ್ರಕ್ಕೆ ಮಾತ್ರ ಒಲೆ.

ಬೇಸಿಗೆಯಲ್ಲಿ ನೀರಿನ ಕೂಲರ್ ಹಚ್ಚುವವರು ಅದರ ಗಾಳಿ ನೇರವಾಗಿ ಡಬ್ಬಕ್ಕೆ ಬಡಿಯದಂತೆ ಇಡಬೇಕು. ತೇವ ಸೇರಿದ ಧೂಳು ಜಾಲರಿಯಲ್ಲಿ ಕೆಸರಾಗಿ ಒಣಗುತ್ತದೆ. ನಮ್ಮ ಬೋರಿನ ಗಡಸು ನೀರಿನ ಹನಿ ಒಳಗೆ ಹೋದರೆ ಆರಿದ ಮೇಲೆ ಉಪ್ಪಿನ ಬಿಳಿ ಕಲೆ ಬೋರ್ಡಿನ ಮೇಲೆ ಉಳಿಯುತ್ತದೆ, ಮಳೆಗಾಲದಲ್ಲಿ ಅದೇ ತೇವ ಹಿಡಿದು ಕಾಟ ಕೊಡುತ್ತದೆ. ಕಸ ಗುಡಿಸುವಾಗ ಯಂತ್ರ ಬಂದ್ ಇರಲಿ, ಅದರ ಸುತ್ತ ಒದ್ದೆ ಬಟ್ಟೆಯಿಂದ ಒರೆಸಿದರೆ ಮೇಲು. ಮೇಲೆ ಬಟ್ಟೆ ಹೊದಿಸುವ ರೂಢಿ ಒಳ್ಳೆಯದೇ, ಬಂದ್ ಮಾಡಿ ಕಾಲು ಗಂಟೆಯಾದ ಮೇಲೆ ಹೊದಿಸಿ. ನಡೆಯುವಾಗ ಪೂರ್ತಿ ತೆಗೆಯಿರಿ, ಹಿಂದಕ್ಕೆ ಮಡಚಿ ಇಟ್ಟರೆ ಬಿಸಿಗಾಳಿ ಹೋಗುವ ದಾರಿಯೇ ಮುಚ್ಚಿರುತ್ತದೆ.

ಫಿಲ್ಟರ್ ತೊಳೆಯುವ ಗಡುವು ಊರಿನಿಂದ ಊರಿಗೆ ಬೇರೆ. ಮಗ್ಗದ ಓಣಿಯಲ್ಲಿ ವಾರಕ್ಕೊಮ್ಮೆ ಕುಂಚದಿಂದ ಬಳಿದು ತಿಂಗಳಿಗೊಮ್ಮೆ ತೊಳೆಯಬೇಕು. ಊರ ಹೊರಗಿನ ಮನೆಯಲ್ಲಿ ಜನವರಿಯಿಂದ ಜೂನ್ ತನಕ ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಎರಡು ತಿಂಗಳಿಗೊಮ್ಮೆ ಸಾಕು. ಗಡುವು ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಜಾಲರಿ ಪೂರ್ತಿ ಕಟ್ಟಿಕೊಂಡಾಗ ಮುಂದಿನ ಫ್ಯಾನಿಗೆ ಗಾಳಿ ಸಿಗುವುದಿಲ್ಲ, ಹಿಂದಿನದು ಎಳೆಯುತ್ತಲೇ ಇರುತ್ತದೆ, ಒತ್ತಡ ತಿರುಗಿ ಮೊದಲಿನಂತಾಗುತ್ತದೆ. ಆಗ ಬಿಸಿಯೂ ಏರುತ್ತದೆ, ಸಂದುಗಳಿಂದ ಧೂಳೂ ಬರುತ್ತದೆ. ಕಟ್ಟಿದ ಫಿಲ್ಟರಿಗಿಂತ ಫಿಲ್ಟರ್ ಇಲ್ಲದಿರುವುದೇ ವಾಸಿ ಎನ್ನುವುದು ಈ ಕಾರಣಕ್ಕೆ. ತೊಳೆಯಲು ತಣ್ಣೀರು, ಬೇಕಾದರೆ ಒಂದು ಚಿಟಿಕೆ ಸೋಪಿನ ಪುಡಿ. ಒಣಗಿದ ಕಡೆಯಿಂದ ಧೂಳು ಹೊರಬರುವಂತೆ ಹಿಂಬದಿಯಿಂದ ನೀರು ಬಿಡಿ, ನೆರಳಲ್ಲಿ ಒಣಗಿಸಿ, ಕೈಗೆ ಪಸೆ ಹತ್ತದಷ್ಟು ಒಣಗಿದ ಮೇಲೆ ಹಾಕಿ. ಎರಡು ಜಾಲರಿ ಇಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು ಯಂತ್ರದ ಮೇಲಿರುತ್ತದೆ. ಶಾಲೆಗಳಲ್ಲಿ ತೊಳೆದ ತಾರೀಖನ್ನು ಡಬ್ಬದ ಮಗ್ಗುಲಿಗೆ ಚೀಟಿ ಅಂಟಿಸಿ ಬರೆದಿಟ್ಟರೆ ಮುಂದಿನ ವರ್ಷ ಬರುವ ಶಿಕ್ಷಕರಿಗೂ ಗಡುವು ಯಾವುದೆಂದು ತಿಳಿಯುತ್ತದೆ.